ನಾಯಿಯ ಗಾಯ ಮನೆಯಲ್ಲಿ ಮಾಯಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಧೋಳದ ಸಂತೆಯಲ್ಲಿ, ಘಟಪ್ರಭೆಯ ದಂಡೆಯ ಹೊಲಗಳಲ್ಲಿ ತಂಗಿದ ಕುರಿ ಹಿಂಡುಗಳ ಬಳಿ, ಜಮಖಂಡಿ ಬಸ್ಸಿನ ಪಕ್ಕದ ಸೀಟಿನಲ್ಲಿ, ಇಂಡಿ, ಬೀಳಗಿ, ಗೋಕಾಕದಿಂದ ಬರುವ ಕಾಗದಗಳಲ್ಲಿ ನನಗೆ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ಪಶುವೈದ್ಯನಲ್ಲ. 22 ವರ್ಷಗಳಿಂದ ಮುಧೋಳ ನಾಯಿಗಳನ್ನು ಸಾಕಿದ್ದೇನೆ. ಅವುಗಳ ಗಾಯ ತೊಳೆದಿದ್ದೇನೆ, ಪಟ್ಟಿ ಕಟ್ಟಿದ್ದೇನೆ, ವೈದ್ಯರ ಪಕ್ಕದಲ್ಲಿ ನಿಂತು ಕೇಳಿ ಕಲಿತಿದ್ದೇನೆ. ಗಾಯಕ್ಕೆ ಏನು ಹಚ್ಚಲಿ ಎಂದು ಎಲ್ಲರೂ ಕೇಳುತ್ತಾರೆ. ಹೇಗೆ ತೊಳೆಯಲಿ ಎಂದು ಕೇಳುವವರು ಅಪರೂಪ. ನನ್ನ ಅನುಭವದಲ್ಲಿ ನಾಯಿಯನ್ನು ಉಳಿಸುವುದು ಆ ಎರಡನೆಯ ಪ್ರಶ್ನೆ.

## ಗಾಯವಾದ ಹೊತ್ತಿನಲ್ಲಿ

ರಕ್ತ ನಿಲ್ಲುತ್ತಲೇ ಇಲ್ಲ, ಕೈಕಾಲು ಆಡುತ್ತಿಲ್ಲ. ಮೊದಲು ಏನು ಮಾಡಲಿ?

ಒಗೆದ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡು 10 ನಿಮಿಷ ಹಾಗೆಯೇ ಇರಿ. ನಿಂತಿತೇ ಎಂದು ನಡುವೆ ಎತ್ತಿ ನೋಡಿದರೆ ಆಗಷ್ಟೇ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಟ್ಟೆ ತೋಯ್ದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಡಿ, ಕೆಳಗಿನದನ್ನು ತೆಗೆಯಬೇಡಿ. ಚಹದ ಪುಡಿ, ಸುಣ್ಣ, ಬೂದಿ ಸುರಿಯಬೇಡಿ, ಆಮೇಲೆ ಅದನ್ನೆಲ್ಲ ಗಾಯದೊಳಗಿನಿಂದ ಹೆಕ್ಕಿ ತೆಗೆಯುವ ಕೆಲಸ ವೈದ್ಯರಿಗೆ ಬರುತ್ತದೆ. ಉಗುರು ಮುರಿದು ರಕ್ತ ಬಂದಾಗ ಮಾತ್ರ ಒಂದು ಚಿಟಿಕೆ ಮೈದಾ ಅಥವಾ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಬಹುದು.

ರಕ್ತ ಚಿಲುಮೆಯಂತೆ ಮಿಡಿದು ಮಿಡಿದು ಬರುತ್ತಿದ್ದರೆ ರಕ್ತನಾಳ ಹರಿದಿದೆ ಎಂದರ್ಥ. ಒತ್ತಿ ಹಿಡಿದುಕೊಂಡೇ ಗಾಡಿ ಹತ್ತಿ.

ನಮ್ಮ ನಾಯಿ ಮನೆಯವರನ್ನು ಎಂದೂ ಕಚ್ಚಿಲ್ಲ. ಆದರೂ ಬಾಯಿ ಕಟ್ಟಬೇಕೇ?

ಕಟ್ಟಬೇಕು. ನೋವಿನಲ್ಲಿರುವ ನಾಯಿ ಕೈ ಯಾರದೆಂದು ನೋಡುವುದಿಲ್ಲ. ಅಗಲ ಪಟ್ಟಿಯ ಬಟ್ಟೆಯನ್ನು ಮೂತಿಗೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ದಾಟಿಸಿ, ಕಿವಿಗಳ ಹಿಂದೆ ಒಯ್ದು, ನೀವು ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು ಹಾಕಿ. ಏದುಸಿರು ಬಿಡುತ್ತಿರುವ, ವಾಂತಿ ಮಾಡುತ್ತಿರುವ ಅಥವಾ ಮೂತಿಗೇ ಪೆಟ್ಟಾದ ನಾಯಿಗೆ ಕಟ್ಟಬೇಡಿ. ಚೈತ್ರ ವೈಶಾಖದ ಬಿಸಿಲಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ನಾಯಿ ಬಾಯಿ ತೆರೆದು ಉಸಿರಾಡಿಯೇ ಮೈ ತಂಪು ಮಾಡಿಕೊಳ್ಳುತ್ತದೆ.

ಯಾವ ಗಾಯ ಮನೆಯಲ್ಲಿ ನೋಡಿಕೊಳ್ಳುವಂಥದ್ದು, ಯಾವುದಕ್ಕೆ ಪಶು ಆಸ್ಪತ್ರೆಗೆ ಹೋಗಲೇಬೇಕು?

ತರಚು ಗಾಯ, ಚರ್ಮದ ಮೇಲ್ಪದರವಷ್ಟೇ ಸೀಳಿದ ಗಾಯ, ಕಬ್ಬಿನ ರವದಿ ಕೊಯ್ದ ಗೀರು ಇವು ಮನೆಯ ಆರೈಕೆಯಲ್ಲಿ ಮಾಯುತ್ತವೆ. ಗಾಯದ ಅಂಚುಗಳು ಬಾಯಿಬಿಟ್ಟು ಒಳಗಿನ ಮಾಂಸ, ಕೊಬ್ಬು ಅಥವಾ ಎಲುಬು ಕಾಣುತ್ತಿದ್ದರೆ ಹೊಲಿಗೆ ಬೇಕು, ಅದೂ ಬೇಗ ಬೇಕು. ಮೊದಲ 6ರಿಂದ 8 ಗಂಟೆಯೊಳಗೆ ಹೊಲಿದ ಗಾಯ ಚೆನ್ನಾಗಿ ಕೂಡಿಕೊಳ್ಳುತ್ತದೆ. ರಾತ್ರಿ ಗಾಯವಾಗಿದ್ದರೆ ಬೆಳಗಾಗಲಿ ಎಂದು ಕಾದವರೇ ನಮ್ಮಲ್ಲಿ ಹೆಚ್ಚು. ಆ ಕಾಯುವಿಕೆ ಎಷ್ಟೋ ಸಲ ಹತ್ತು ದಿನದ ಗಾಯವನ್ನು ಒಂದೂವರೆ ತಿಂಗಳಿಗೆ ಎಳೆದಿದೆ.

ಕಣ್ಣು, ಎದೆ, ಹೊಟ್ಟೆ, ಕೀಲುಗಳ ಮೇಲಿನ ಗಾಯ ಎಷ್ಟೇ ಸಣ್ಣದಿರಲಿ ವೈದ್ಯರಿಗೆ ತೋರಿಸಿ. ಒಸಡನ್ನೂ ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಒಸಡು ಬಿಳಿಚಿಕೊಂಡು, ಕಾಲುಗಳು ತಣ್ಣಗಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿರಬಹುದು. ಕಂಬಳಿಯಲ್ಲಿ ಸುತ್ತಿ ಕೂಡಲೇ ಹೊರಡಿ. ದಾರಿಯಲ್ಲಿ ನೀರು ಕುಡಿಸಲು ಒತ್ತಾಯ ಮಾಡಬೇಡಿ.

## ತೊಳೆಯುವುದು, ಹಚ್ಚುವುದು

ಗಾಯಕ್ಕೆ ನೀರು ತಾಗಿದರೆ ಕೀವಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ತೊಳೆಯುವುದು ತಪ್ಪಲ್ಲವೇ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಹಿರಿಯರು ಕಂಡದ್ದು ಸುಳ್ಳಲ್ಲ. ಕೆರೆಯ ನೀರು, ದನ ಕುಡಿಯುವ ತೊಟ್ಟಿಯ ನೀರು ಹಾಕಿದರೆ, ತೊಳೆದ ಮೇಲೆ ಒದ್ದೆ ಬಟ್ಟೆಯಲ್ಲಿ ಬಿಗಿದು ಕಟ್ಟಿದರೆ ಕೀವಾಗಿಯೇ ಆಗುತ್ತದೆ. ತಪ್ಪು ನೀರಿನ ಹೊಲಸಿನದು, ತೊಳೆದುದರದಲ್ಲ.

ಅರ್ಧ ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ, ಚಹದ ಚಮಚದ ಅಂಚಿಗೆ ಸಮವಾಗುವುದಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ ಆರಲು ಬಿಡಿ. ಇದು ಮೈಯೊಳಗಿನ ದ್ರವದಷ್ಟೇ ಉಪ್ಪಾಗಿರುವುದರಿಂದ ಉರಿಯುವುದಿಲ್ಲ. ಔಷಧಿ ಅಂಗಡಿಯ ಸಲೈನ್ ಬಾಟಲಿ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲು ಗಾಯದ ಸುತ್ತಲಿನ ತುಪ್ಪಳ ಕತ್ತರಿಸಬೇಕು. ಕತ್ತರಿಯ ಅಲಗಿಗೆ ಸ್ವಲ್ಪ ವ್ಯಾಸಲಿನ್ ಸವರಿಕೊಂಡರೆ ಕತ್ತರಿಸಿದ ಕೂದಲು ಅಲಗಿಗೇ ಅಂಟಿಕೊಳ್ಳುತ್ತದೆ, ಗಾಯದೊಳಗೆ ಉದುರುವುದಿಲ್ಲ. ಆಮೇಲೆ 20 ಮಿಲಿಲೀಟರ್ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ, ಸೂಜಿ ತೆಗೆದು, ಗಾಯದ ಮೇಲಿನಿಂದ ಕೆಳಕ್ಕೆ ಚಿಮ್ಮಿಸಿ. ಮೊದಲ ಎರಡು ಸಿರಿಂಜಿಗೆ ಕಂದು ನೀರು ಇಳಿಯುತ್ತದೆ, ಮಣ್ಣಿನ ಹರಳು, ಒಣ ಹುಲ್ಲಿನ ಚೂರು ಬರುತ್ತವೆ. ಏಳೆಂಟನೆಯದಕ್ಕೆ ನೀರು ತಿಳಿಯಾಗುತ್ತದೆ. ಅಲ್ಲಿಗೂ ನಿಲ್ಲಿಸದೆ ಇನ್ನೂ ಐದಾರು ಸಲ ಬಿಡಿ. ಅಂಗೈಯಗಲದ ಗಾಯಕ್ಕೆ ಅರ್ಧ ಲೀಟರ್ ಪೂರ್ತಿ ಬೇಕಾಗುತ್ತದೆ. ಹತ್ತಿಯಿಂದ ತಿಕ್ಕಬೇಡಿ, ಎಳೆ ಉಳಿಯುತ್ತದೆ. ಸುತ್ತಲಿನ ಚರ್ಮವನ್ನು ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಿ. ಮೊದಲ ಮೂರ್ನಾಲ್ಕು ದಿನ ಎರಡು ಹೊತ್ತು, ಆಮೇಲೆ ಒಂದು ಹೊತ್ತು ಸಾಕು. ಹೊಲಿಗೆ ಹಾಕಿದ ಗಾಯವನ್ನು ಮಾತ್ರ ಹೀಗೆ ತೊಳೆಯಬೇಡಿ, ಒಣಗಿಯೇ ಇಡಿ.

ಡೆಟಾಲ್, ಸ್ಪಿರಿಟ್, ನೊರೆ ಬರುವ ಪೆರಾಕ್ಸೈಡ್ ಇವುಗಳಲ್ಲಿ ಯಾವುದು ಒಳ್ಳೆಯದು?

ಮೂರೂ ಬೇಡ. ಅವು ಕ್ರಿಮಿಗಳ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಜೀವಕೋಶಗಳನ್ನೂ ಸುಡುತ್ತವೆ. ಪೆರಾಕ್ಸೈಡ್ ನೊರೆಯುಕ್ಕುವುದನ್ನು ಕಂಡು ಕೊಳೆ ಏಳುತ್ತಿದೆ ಎಂದು ಸಮಾಧಾನಪಡುವವರಿದ್ದಾರೆ. ಆದರೆ ಒಳ್ಳೆಯ ಮಾಂಸ ಮತ್ತು ರಕ್ತ ತಾಗಿದರೂ ಅದು ಹಾಗೆಯೇ ನೊರೆ ಬಿಡುತ್ತದೆ. ಪೊವಿಡೋನ್ ಅಯೋಡಿನ್ ಬಳಸಬಹುದು, ಬಾಟಲಿಯಿಂದ ನೇರವಾಗಿ ಸುರಿಯಬಾರದು. ಉಪ್ಪುನೀರಿಗೆ ಹನಿ ಹನಿಯಾಗಿ ಹಾಕಿ, ಹಾಲಿಲ್ಲದ ತಿಳಿ ಚಹದ ಬಣ್ಣ ಬಂದಾಗ ನಿಲ್ಲಿಸಿ.

ಅರಿಶಿನ ಹಚ್ಚಿದರೆ ಏನು ತಪ್ಪು? ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಅದೇ ಔಷಧ.

ಮೇಲ್ಮೈ ಗೀರಿಗೆ, ತೊಳೆದ ಮೇಲೆ, ತೆಳುವಾಗಿ ಹಚ್ಚಿದರೆ ತೊಂದರೆ ಕಾಣಲಿಲ್ಲ. ಆಳವಾದ ಗಾಯಕ್ಕೆ ಮೆತ್ತಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅರಿಶಿನ ರಕ್ತದ ಜೊತೆ ಗಟ್ಟಿಯಾಗಿ ಹಳದಿ ಮುಚ್ಚಳದಂತೆ ಕೂರುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಅಡಿಯಲ್ಲಿ ಕೀವು ತುಂಬುತ್ತದೆ. ಅಂಗಡಿಯ ಪುಡಿಯಲ್ಲಿ ಏನು ಬೆರೆತಿದೆಯೋ ಅದೂ ಗೊತ್ತಿರುವುದಿಲ್ಲ.

ಜೇನುತುಪ್ಪಕ್ಕೆ ಮಾತ್ರ ನನ್ನ ಒಪ್ಪಿಗೆ ಇದೆ. ಅದು ಗಾಯದ ನೀರನ್ನು ಹೀರುತ್ತದೆ, ಅದರ ಹುಳಿಗುಣದಲ್ಲಿ ಕ್ರಿಮಿ ಬೆಳೆಯುವುದು ಕಷ್ಟ. ಆಸ್ಪತ್ರೆಗಳಲ್ಲಿ ಶುದ್ಧೀಕರಿಸಿದ ಜೇನನ್ನು ಗಾಯಕ್ಕೆ ಬಳಸುವುದೂ ಉಂಟು. ಗಾಯ ಸ್ವಚ್ಛವಿರಬೇಕು, ಮೇಲೆ ಪಟ್ಟಿ ಇರಬೇಕು, ದಿನವೂ ಬದಲಿಸಬೇಕು. ಪಟ್ಟಿ ಇಲ್ಲದೆ ಹಚ್ಚಿದರೆ ನಾಯಿ ನೆಕ್ಕುತ್ತದೆ, ನೆಕ್ಕದಿದ್ದರೆ ಇರುವೆ ಸಾಲು ಹಿಡಿಯುತ್ತದೆ.

ಮನುಷ್ಯರ ಮುಲಾಮುಗಳಲ್ಲಿ ಎರಡರ ಬಗ್ಗೆ ಎಚ್ಚರ. ತುರಿಗಜ್ಜಿಗೆಂದು ಕೊಡುವ, ಸ್ಟಿರಾಯ್ಡ್ ಬೆರೆತ ಕ್ರೀಮ್ ಗಾಯ ಮಾಯುವುದನ್ನೇ ತಡೆಯುತ್ತದೆ. ಸತುವಿರುವ ಬಿಳಿ ಮುಲಾಮನ್ನು ನಾಯಿ ನೆಕ್ಕಿ ನುಂಗಿದರೆ ವಿಷವಾಗಬಹುದು.

ನಾಯಿ ನೋವಿನಿಂದ ಕುಂಯ್ಗುಡುತ್ತಿದೆ. ಮನೆಯಲ್ಲಿರುವ ನೋವಿನ ಗುಳಿಗೆ ಅರ್ಧ ಕೊಡಲೇ?

ಕಾಲು ಭಾಗವನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ನಾಯಿಯ ಯಕೃತ್ತನ್ನು, ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್ ಜಠರ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಗಾಯದಿಂದ ಬದುಕುತ್ತಿದ್ದ ನಾಯಿ ಗುಳಿಗೆಯಿಂದ ರಕ್ತ ಕಾರಿ ಸತ್ತದ್ದನ್ನು ಕಂಡಿದ್ದೇನೆ. ನಾಯಿಗೆ ಹೊಂದುವ ನೋವು ನಿವಾರಕಗಳಿವೆ, ತೂಕ ನೋಡಿ ವೈದ್ಯರು ಬರೆದುಕೊಡುತ್ತಾರೆ.

## ದಿನದಿನದ ಆರೈಕೆ

ನಾಯಿಯ ನಾಲಿಗೆಯೇ ಅದಕ್ಕೆ ಔಷಧ ಎನ್ನುತ್ತಾರೆ. ನೆಕ್ಕಲು ಬಿಡಬಹುದೇ?

ಬಿಡಬಾರದು. ಜೊಲ್ಲಿನಲ್ಲಿ ಕ್ರಿಮಿಗಳನ್ನು ತಡೆಯುವ ಅಂಶ ತುಸು ಇರುವುದು ನಿಜ, ಆದರೆ ಕ್ರಿಮಿಗಳೂ ಅದರಲ್ಲೇ ಇವೆ. ಅದಕ್ಕಿಂತ ದೊಡ್ಡ ತೊಂದರೆ ನಾಲಿಗೆಯ ಒರಟು. ಹಗಲಿಡೀ ನೆಕ್ಕಿದರೆ ರಾತ್ರಿ ಬೆಳೆದ ಎಳೆಯ ಚರ್ಮ ಸವೆದುಹೋಗುತ್ತದೆ.

ಕೊರಳಿಗೆ ಹಾಕುವ ಆಲಿಕೆಯಾಕಾರದ ಕಾಲರ್ ಪಶು ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಮುಧೋಳ ನಾಯಿಗಳಿಗೆ ಅಳತೆ ನೋಡಿ ಕೊಳ್ಳಿ. ಅವುಗಳ ಕೊರಳೂ ಮೂತಿಯೂ ಉದ್ದ, ಸಾಮಾನ್ಯ ಕಾಲರಿನ ಅಂಚು ದಾಟಿ ಮೂತಿ ಹೊರಗೆ ಬಂದುಬಿಡುತ್ತದೆ. ಕಾಲರಿನ ಅಂಚು ಮೂತಿಗಿಂತ ಎರಡು ಬೆರಳು ಮುಂದಿರಬೇಕು. ಸಿಗದಿದ್ದರೆ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು, ಕೊರಳಪಟ್ಟಿಗೆ ದಾರದಿಂದ ಕಟ್ಟಿ. ಮೊದಲ ದಿನ ಗೋಡೆಗೆ, ಬಾಗಿಲಿಗೆ ಬಡಿದುಕೊಂಡು ನಿಮ್ಮ ಮುಖ ನೋಡುತ್ತದೆ. ಕರುಳು ಚುರುಕ್ಕೆನ್ನುತ್ತದೆ. ಆದರೂ ತೆಗೆಯಬೇಡಿ. ಎರಡನೆಯ ದಿನಕ್ಕೆ ಒಗ್ಗಿಕೊಳ್ಳುತ್ತದೆ.

ಪಟ್ಟಿ ಕಟ್ಟಬೇಕೇ, ಗಾಳಿಗೆ ಬಿಡಬೇಕೇ?

ಮೈ ಮೇಲಿನ ಸಣ್ಣ ಗೀರನ್ನು ತೆರೆದೇ ಇಡಿ. ಕಾಲಿನ ಗಾಯಕ್ಕೆ, ಮಣ್ಣು ತಾಗುವ ಕಡೆಗೆ, ನೊಣ ಹೆಚ್ಚಿರುವ ಮಳೆಗಾಲದಲ್ಲಿ ಪಟ್ಟಿ ಬೇಕು. ಗಾಯಕ್ಕೆ ಅಂಟದ ಪ್ಯಾರಾಫಿನ್ ಗಾಜ್ ಮೊದಲು, ಅದರ ಮೇಲೆ ಹತ್ತಿಯ ಪದರ, ಕೊನೆಗೆ ಹಿಗ್ಗುವ ಕ್ರೇಪ್ ಪಟ್ಟಿ. ಕಾಲಿಗೆ ಕಟ್ಟುವಾಗ ಬೆರಳ ಕಡೆಯಿಂದ ಮೇಲಕ್ಕೆ ಸುತ್ತಬೇಕು, ನಡುವಿನ ಎರಡು ಬೆರಳಿನ ಉಗುರು ಹೊರಗೆ ಕಾಣುವಂತೆ ಬಿಡಬೇಕು. ಬೆಳಿಗ್ಗೆ ಸಂಜೆ ಆ ಉಗುರುಗಳನ್ನು ನೋಡಿ. ಎರಡರ ನಡುವಿನ ಅಂತರ ಹಿಗ್ಗಿದ್ದರೆ, ಬೆರಳು ತಣ್ಣಗಿದ್ದರೆ ಪಟ್ಟಿ ಬಿಗಿಯಾಗಿದೆ, ಆ ಗಳಿಗೆಯಲ್ಲೇ ಬಿಚ್ಚಿ. ರಬ್ಬರ್ ಬ್ಯಾಂಡ್, ನೈಲಾನ್ ದಾರ ಎಂದಿಗೂ ಬೇಡ. ತುಪ್ಪಳದಡಿ ಕಾಣದೆ ಚರ್ಮ ಕೊಯ್ದು ಕಾಲನ್ನೇ ಕಳೆಯುವ ವಸ್ತುಗಳವು.

ಹೊರಗೆ ಕರೆದೊಯ್ಯುವಾಗ ಪಟ್ಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಮನೆಗೆ ಬಂದ ಕೂಡಲೇ ತೆಗೆಯಿರಿ. ಒದ್ದೆಯಾದ ಪಟ್ಟಿಯನ್ನು ಸಂಜೆಯವರೆಗೂ ಇಟ್ಟುಕೊಳ್ಳುವುದಕ್ಕಿಂತ ಪಟ್ಟಿಯೇ ಇಲ್ಲದಿರುವುದು ವಾಸಿ.

ಅಂಗಾಲು ಒಡೆದಿದೆ. ಎರಡು ವಾರವಾದರೂ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ನಾಯಿ ಪ್ರತಿ ಹೆಜ್ಜೆ ಇಟ್ಟಾಗಲೂ ಅಂಗಾಲಿನ ಮೆತ್ತೆ ಅಗಲವಾಗಿ, ಗಾಯದ ಬಾಯಿ ತೆರೆಯುತ್ತದೆ. ಆಳದಲ್ಲಿ ಗಾಜಿನ ಚೂರು, ಜಾಲಿ ಮುಳ್ಳಿನ ತುದಿ ಉಳಿದಿಲ್ಲ ಎಂದು ಬೆಳಕಿನಲ್ಲಿ ನೋಡಿ. ಪಟ್ಟಿಯ ಮೇಲೆ ಮಕ್ಕಳ ಕಾಲುಚೀಲ ತೊಡಿಸಿ, ಹೊಲಕ್ಕೆ ಬಿಡದೆ ಮನೆಯಂಗಳದಲ್ಲೇ ಇಡಿ. ಮೂರು ವಾರ ಹಿಡಿಯುವುದು ಸಹಜ.

ಕಿವಿಯ ತುದಿ ಸೀಳಿದಾಗಲೂ ಇದೇ ತೊಡಕು. ತಲೆ ಕೊಡವಿದಾಗಲೆಲ್ಲ ಗಾಯ ತೆರೆದು ಗೋಡೆಯ ತುಂಬ ರಕ್ತ ಸಿಡಿಯುತ್ತದೆ. ಕಿವಿಯನ್ನು ತಲೆಯ ಮೇಲಕ್ಕೆ ಮಡಚಿ, ತಲೆಯ ಸುತ್ತ ಸಡಿಲವಾಗಿ ಬಟ್ಟೆ ಸುತ್ತಿ. ಗಂಟಲ ಬಳಿ ಎರಡು ಬೆರಳು ಆಡುವಷ್ಟು ಜಾಗ ಇರಲಿ.

ಗಾಯ ಬೇಗ ಮಾಯಲು ಏನು ತಿನ್ನಿಸಲಿ?

ಹೊಸ ಮಾಂಸ ಹುಟ್ಟಬೇಕಾದರೆ ಪ್ರೋಟೀನ್ ಬೇಕು. ಬರೀ ಜೋಳದ ರೊಟ್ಟಿ, ನುಚ್ಚು ಸಾಲದು. ದಿನವೂ ಒಂದೆರಡು ಬೇಯಿಸಿದ ಮೊಟ್ಟೆ, ಸಿಕ್ಕರೆ ಎಲುಬಿಲ್ಲದ ಬೇಯಿಸಿದ ಕೋಳಿ, ಉಪ್ಪಿಲ್ಲದ ಮೊಸರು ರೊಟ್ಟಿಯ ಜೊತೆ ಕಲಸಿ ಕೊಡಿ. ನೀರಿನ ಪಾತ್ರೆ ಯಾವಾಗಲೂ ತುಂಬಿರಲಿ. ಉಳಿದ ಸಾರು, ಉಳ್ಳಾಗಡ್ಡಿ ಬೆರೆತ ಪಲ್ಯ, ಬೆಳ್ಳುಳ್ಳಿ ಚಟ್ನಿ ಹಾಕಬೇಡಿ. ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ರಕ್ತ ಕಳೆದುಕೊಂಡ ನಾಯಿಗೆ ಅದು ಎರಡನೆಯ ಪೆಟ್ಟು. ವಿಜಯಪುರ, ತಿಕೋಟಾ ಕಡೆಯವರಿಗೆ ಇನ್ನೊಂದು ಮಾತು: ಶಕ್ತಿ ಬರಲಿ ಎಂದು ಒಣದ್ರಾಕ್ಷಿ ಕೊಡುವವರಿದ್ದಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ದ್ರಾಕ್ಷಿ ಒಣಗಿಸುವ ಶೆಡ್ಡಿನ ಹತ್ತಿರ ನಾಯಿಯನ್ನು ಬಿಡಲೇಬೇಡಿ.

ಐದು ದಿನವಾಯಿತು. ಒಳಗೆ ಕೆಂಪಗೆ ಗುಳ್ಳೆಗುಳ್ಳೆಯಾಗಿ ಏನೋ ಬೆಳೆದಿದೆ. ಗಾಯ ಕೆಟ್ಟಿತೇ?

ಅದು ನೀವು ಸಂತೋಷಪಡಬೇಕಾದ ಸಂಗತಿ. ಮೊದಲ ಮೂರು ದಿನ ಗಾಯ ಊದಿಕೊಂಡು, ಬಿಸಿಯಾಗಿ, ತಿಳಿ ದ್ರವ ಸುರಿಸುತ್ತದೆ. ಮೈ ತನ್ನ ಕೊಳೆಯನ್ನು ತಾನೇ ಹೊರಹಾಕುವ ಹೊತ್ತು ಅದು. ಮೂರರಿಂದ ಐದನೆಯ ದಿನದ ಸುಮಾರಿಗೆ ತಳದಲ್ಲಿ ಕೆಂಪು ಕಾಳುಕಾಳಾದ ಹೊಸ ಮಾಂಸ ಏಳುತ್ತದೆ. ಬಿಡಿಸಿದ ದಾಳಿಂಬೆಯ ಒಳಗನ್ನು ನೆನೆಸಿಕೊಳ್ಳಿ, ಅದೇ ಹೊಳಪು, ಅದೇ ಉಬ್ಬುತಗ್ಗು. ಅದರಲ್ಲಿ ಎಳೆಯ ರಕ್ತನಾಳಗಳು ತುಂಬಿರುವುದರಿಂದ ಉಗುರು ತಾಗಿದರೂ ರಕ್ತ ಜಿನುಗುತ್ತದೆ, ನೋವು ಮಾತ್ರ ಅಷ್ಟಾಗಿ ಇರುವುದಿಲ್ಲ. ಆಮೇಲೆ ಅಂಚಿನಿಂದ ತೆಳು ಗುಲಾಬಿ ಪೊರೆ ಒಳಕ್ಕೆ ಸರಿಯುತ್ತದೆ, ಇಡೀ ಗಾಯವೂ ದಿನಕ್ಕೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಕುಗ್ಗುತ್ತ ಬರುತ್ತದೆ. ದಿನವೂ ಒಂದೇ ಜಾಗದಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕಣ್ಣಿಗೆ ಕಾಣದ ಬದಲಾವಣೆ ಫೋಟೊ ಸಾಲಿನಲ್ಲಿ ಕಾಣುತ್ತದೆ, ವೈದ್ಯರಿಗೂ ಉಪಯೋಗ.

ಕೆಟ್ಟ ಲಕ್ಷಣ ಬೇರೆ: ಕೊಳೆತ ವಾಸನೆ, ಹಸಿರು ಅಥವಾ ಕಂದು ಕೀವು, ಬೂದು ಇಲ್ಲವೇ ಕಪ್ಪು ಬಣ್ಣದ ಮಾಂಸ, ದಿನದಿಂದ ದಿನಕ್ಕೆ ಹಬ್ಬುವ ಬಾವು. ನಾಯಿಯ ಸಹಜ ಮೈಬಿಸಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರ ಎನಿಸುವ 101 ಅದಕ್ಕೆ ಜ್ವರವಲ್ಲ. 103 ದಾಟಿ, ಊಟವನ್ನೂ ಬಿಟ್ಟಿದ್ದರೆ ಮನೆಯ ಆರೈಕೆ ಅಲ್ಲಿಗೆ ನಿಲ್ಲಿಸಿ.

## ಕೈಮೀರುವ ಗಾಯಗಳು

ಗಾಯದಲ್ಲಿ ಹುಳ ಬಿದ್ದಿವೆ. ಚಿಮಣಿ ಎಣ್ಣೆ ಹಾಕಲೇ? ಡಾಂಬರು ಗುಳಿಗೆ ಪುಡಿ ಮಾಡಿ ತುಂಬಲೇ?

ಒಂದು ಶ್ರಾವಣದಲ್ಲಿ ನನ್ನ ಹೆಣ್ಣು ನಾಯಿಯ ಅಳ್ಳೆಯನ್ನು ಮುಳ್ಳುತಂತಿ ಸೀಳಿತು. ಗಾಯ ಎರಡು ಬೆರಳಿನಷ್ಟೇ ಇತ್ತು. ಮೇಲೆ ಹಕ್ಕಳೆ ಕಟ್ಟಿತ್ತು, ನಾನು ಮಾಯುತ್ತಿದೆ ಎಂದುಕೊಂಡೆ. ಮೂರನೆಯ ದಿನ ಅದು ಕಂಬಳಿ ಬಿಟ್ಟು ಕತ್ತಲ ಮೂಲೆಗೆ ಹೋಗಿ ಮಲಗಿತು. ಹತ್ತಿರ ಕೂತರೆ ಸತ್ತ ಇಲಿಯ ವಾಸನೆ. ಹಕ್ಕಳೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಎತ್ತಿದೆ. ಅಡಿಯಲ್ಲಿ ಚರ್ಮವೇ ಉಸಿರಾಡುತ್ತಿರುವಂತೆ ಏನೋ ಮಿಸುಕಾಡುತ್ತಿತ್ತು. ಅನ್ನದ ಅಗುಳಿನಂಥ ಹುಳಗಳು ಬಾಲದ ತುದಿಯನ್ನಷ್ಟೇ ಮೇಲೆ ಮಾಡಿ, ತಲೆಯನ್ನು ಮಾಂಸದೊಳಗೆ ಹೂತುಕೊಂಡಿದ್ದವು. ಎರಡು ಬೆರಳಿನ ಬಾಯಿಯ ಹಿಂದೆ ಅಂಗೈ ಹಿಡಿಸುವಷ್ಟು ಪೊಟರೆಯಾಗಿತ್ತು.

ನೊಣ ಮೊಟ್ಟೆಯಿಟ್ಟ ಒಂದು ದಿನದೊಳಗೆ ಮರಿಹುಳ ಹೊರಬರುತ್ತದೆ. ಅದಕ್ಕೇ ದಿನವೂ ನೋಡಬೇಕು ಎನ್ನುವುದು. ಚಿಮಣಿ ಎಣ್ಣೆ, ಪೆಟ್ರೋಲ್, ಫಿನಾಯಿಲ್ ಹಾಕಿದರೆ ಹುಳ ಒದ್ದಾಡಿ ಇನ್ನೂ ಆಳಕ್ಕೆ ಇಳಿಯುತ್ತವೆ, ಮಾಂಸ ಸುಡುತ್ತದೆ, ನೆಕ್ಕಿದ ನಾಯಿಯ ಶ್ವಾಸಕೋಶಕ್ಕೆ ಎಣ್ಣೆ ಹೋಗುತ್ತದೆ. ಡಾಂಬರು ಗುಳಿಗೆ, ಜಿರಳೆಯ ಸೀಮೆಸುಣ್ಣ, ತಂಬಾಕಿನ ಪುಡಿ, ಬೆಳೆಗೆ ಹಾಕುವ ಕೀಟನಾಶಕದ ಹರಳು ಇವೆಲ್ಲ ತೆರೆದ ಗಾಯದ ಮೂಲಕ ನೇರವಾಗಿ ರಕ್ತಕ್ಕೆ ಸೇರುವ ವಿಷಗಳು. ಹುಳದ ಜೊತೆ ನಾಯಿಯೂ ಸಾಯುತ್ತದೆ.

ಪಶು ಔಷಧಿ ಅಂಗಡಿಯಲ್ಲಿ ಹುಳದ ಗಾಯಕ್ಕೆಂದೇ ಸ್ಪ್ರೇ ಸಿಗುತ್ತದೆ. ಹೊಡೆದು ಕೆಲ ನಿಮಿಷ ಬಿಟ್ಟರೆ ಹುಳ ಮೇಲೆ ಬರುತ್ತವೆ. ಮೊಂಡು ತುದಿಯ ಚಿಮಟದಿಂದ ಒಂದೊಂದಾಗಿ ಹಿಡಿದು ಉಪ್ಪುನೀರಿನ ಬಟ್ಟಲಿಗೆ ಹಾಕಿ, ಆಮೇಲೆ ಧಾರಾಳವಾಗಿ ತೊಳೆಯಿರಿ. ಮರುದಿನ ಮತ್ತೆ ಹುಡುಕಿ, ಮೊದಲ ದಿನ ಕಾಣದ ಸಣ್ಣವು ಅಂದು ಕಾಣುತ್ತವೆ. ಹತ್ತಕ್ಕಿಂತ ಹೆಚ್ಚಿದ್ದರೆ, ಕಿವಿ, ಕಣ್ಣು, ಗುದದ ಬಳಿ ಇದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ. ದನಗಳಿಗೆ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ತಾವೇ ಚುಚ್ಚುವವರಿಗೂ ಹೇಳುತ್ತೇನೆ: ದನದ ಔಷಧ ನಾಯಿಗೆ ಒಂದು ಹನಿ ಹೆಚ್ಚಾದರೂ ಭಾರ. ಕೆಲವು ನಾಯಿಗಳಿಗೆ ಅದು ನೇರವಾಗಿ ಮಿದುಳಿಗೆ ಏರುತ್ತದೆ. ನನ್ನ ನಾಯಿಗೆ ವೈದ್ಯರು ಅರಿವಳಿಕೆ ಕೊಟ್ಟು ಪೊಟರೆ ತೆರೆದು 60ಕ್ಕೂ ಹೆಚ್ಚು ಹುಳ ತೆಗೆದರು. ಅದು ಬದುಕಿತು.

ಮಾಯುತ್ತಿರುವ ಗಾಯದ ಸುತ್ತಲಿನ ತುಪ್ಪಳಕ್ಕೆ ಬೇವಿನ ಎಣ್ಣೆ ತೆಳುವಾಗಿ ಸವರಿದರೆ ನೊಣ ದೂರ ಇರುತ್ತದೆ. ಗಾಯದೊಳಗೆ ಬೇಡ, ಕೊರಳಿಗೆ ಕಾಲರ್ ಇರಲಿ.

ಬೀದಿನಾಯಿ ನಮ್ಮ ನಾಯಿಯನ್ನು ಕಚ್ಚಿದೆ. ಗಾಯ ಸಣ್ಣದು. ಅಷ್ಟಕ್ಕೂ ಚುಚ್ಚುಮದ್ದು ಬೇಕೇ?

ಬೇಕು, ಇಂದೇ ಬೇಕು. ಕೈಗವಸು ಹಾಕಿಕೊಂಡು ಸಾಬೂನು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಹಿಂದೆ ರೇಬೀಸ್ ಲಸಿಕೆ ಆಗಿದ್ದರೂ ವೈದ್ಯರು ಮತ್ತೆ ಬೂಸ್ಟರ್ ಕೊಡುತ್ತಾರೆ. ಎಂದೂ ಹಾಕಿಸದ ನಾಯಿಗೆ, ಮೊದಲ ಚುಚ್ಚುಮದ್ದಿನ ದಿನವನ್ನು 0 ಎಂದೆಣಿಸಿ, ಸಾಮಾನ್ಯವಾಗಿ 0, 3, 7, 14 ಮತ್ತು 28ನೆಯ ದಿನ ಸಾಲಾಗಿ ಹಾಕಿಸಬೇಕಾಗುತ್ತದೆ. ಆರೈಕೆ ಮಾಡುವಾಗ ನಿಮಗೆ ಹಲ್ಲು ತಾಗಿದರೆ, ನಿಮ್ಮ ಕೈಯ ತರಚಿಗೆ ಜೊಲ್ಲು ತಾಗಿದರೆ ನೀವೂ ಹಾಗೆಯೇ ತೊಳೆದುಕೊಂಡು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ, ಮನುಷ್ಯರಿಗೂ ಇಲ್ಲ, ನಾಯಿಗೂ ಇಲ್ಲ.

ಕಬ್ಬಿನ ಗದ್ದೆಯಲ್ಲಿ ಹಂದಿ ತಿವಿದಿದೆ. ಹೊರಗೆ ಬೆರಳು ಹೋಗುವಷ್ಟೇ ತೂತು. ತಾನೇ ಮುಚ್ಚಿಕೊಳ್ಳುವುದಿಲ್ಲವೇ?

ಮುಚ್ಚಿಕೊಳ್ಳುತ್ತದೆ, ಅದೇ ಅಪಾಯ. ಕೋರೆ ಒಳಗೆ ಹೊಕ್ಕು ತಿರುಗುವಾಗ ಚರ್ಮದಡಿಯ ಮಾಂಸವನ್ನು ಹರಿದು, ಕೂದಲನ್ನೂ ಮಣ್ಣನ್ನೂ ಅಲ್ಲಿಯೇ ಬಿಟ್ಟು ಬರುತ್ತದೆ. ಬಾಯಿ ಮುಚ್ಚಿದರೆ ಎರಡರಿಂದ ಐದು ದಿನದಲ್ಲಿ ಒಳಗೆ ಕೀವಿನ ಗಂಟು ಕಟ್ಟುತ್ತದೆ. ಇಂಥ ಗಾಯವನ್ನು ವೈದ್ಯರು ತೆರೆದು ತೊಳೆದು, ಕೀವು ಇಳಿಯಲು ದಾರಿ ಬಿಟ್ಟು, ಆಂಟಿಬಯೋಟಿಕ್ ಶುರುಮಾಡುತ್ತಾರೆ. ಎದೆಗೂಡಿಗೆ ತಿವಿದು ಉಸಿರಾಡಿದಾಗ ಗಾಳಿ ಸೀಟಿ ಹೊಡೆಯುತ್ತಿದ್ದರೆ ಒದ್ದೆ ಗಾಜ್ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಹಿಡಿದು ಓಡಿ.

ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಬೆನ್ನಿಗೆ ಬಿದ್ದಿದೆ. ಗಟ್ಟಿಯಾದ ಬೆಲ್ಲ ಕೀಳಲೇ?

ಕೀಳಬೇಡಿ, ಚರ್ಮವೂ ಬರುತ್ತದೆ. ಮಹಾಲಿಂಗಪುರ, ಮುಧೋಳದ ಕಡೆಯಿಂದ ಸುಗ್ಗಿಯ ದಿನಗಳಲ್ಲಿ ಈ ಪ್ರಶ್ನೆ ಬರುತ್ತದೆ. ಪಾಕ ನೀರಿಗಿಂತ ಹೆಚ್ಚು ಬಿಸಿ, ಅಂಟಿಕೊಂಡು ಬಹಳ ಹೊತ್ತು ಸುಡುತ್ತಲೇ ಇರುತ್ತದೆ. 20 ನಿಮಿಷ ತಣ್ಣೀರು ಹರಿಸಿ, ಬೆಲ್ಲ ತಾನೇ ಕರಗುತ್ತದೆ. ಮಂಜುಗಡ್ಡೆ, ಎಣ್ಣೆ, ಟೂತ್‌ಪೇಸ್ಟ್ ಬೇಡ. ತೆಳು ಒದ್ದೆ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ. ತುಪ್ಪಳದಡಿಯ ಸುಟ್ಟಗಾಯ ಎಷ್ಟು ಅಗಲವಿದೆ ಎಂಬುದು ಎರಡು ಮೂರು ದಿನ ಕಳೆಯದೆ ತಿಳಿಯುವುದಿಲ್ಲ.

ಎಲ್ಲವನ್ನೂ ಮಾಡಿದೆ. ತಿಂಗಳಾದರೂ ಗಾಯ ಮಾಯುತ್ತಿಲ್ಲ. ಏಕೆ?

ಒಳಗೆ ಮುಳ್ಳಿನ ಮೊನೆ, ಹುಲ್ಲಿನ ಕಡ್ಡಿ ಉಳಿದಿರಬಹುದು. ಮುಚ್ಚುವುದು, ಒಡೆಯುವುದು, ಮತ್ತೆ ಮುಚ್ಚುವುದು ಅದರ ಗುರುತು. ಮೈಯಲ್ಲಿ ರಕ್ತ ಹೀರುವ ಉಣ್ಣೆಹುಳ ಹೆಚ್ಚಿದ್ದರೆ ಉಣ್ಣೆಜ್ವರದಿಂದ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿರಬಹುದು, ಆಗ ಸಣ್ಣ ಗಾಯವೂ ಜಿನುಗುತ್ತಲೇ ಇರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಕೊರಳಿನ ಸುತ್ತ ಮಾಯದ ಗಾಯವಿದ್ದರೆ ಮೊದಲು ಹಗ್ಗ ಬಿಚ್ಚಿ ನೋಡಿ. ಮರಿಯಿದ್ದಾಗ ಕಟ್ಟಿದ ನೈಲಾನ್ ಹಗ್ಗ ನಾಯಿ ಬೆಳೆದಂತೆ ಚರ್ಮದೊಳಗೆ ಇಳಿದು ಮಾಂಸ ಮುಚ್ಚಿಕೊಂಡದ್ದನ್ನು ಎರಡು ಹಟ್ಟಿಗಳಲ್ಲಿ ಕಂಡೆ. ಜನನಾಂಗದ ಬಳಿ ಹೂಕೋಸಿನಂತೆ ಬೆಳೆದು ರಕ್ತ ಜಿನುಗಿಸುವುದು ಗಾಯವಲ್ಲ, ಕೂಡುವಾಗ ಹರಡುವ ಗಡ್ಡೆ. ಅದಕ್ಕೆ ವಾರಕ್ಕೊಂದರಂತೆ ಕೊಡುವ ಚುಚ್ಚುಮದ್ದಿದೆ, ಬಹುತೇಕ ನಾಯಿಗಳು ಗುಣವಾಗುತ್ತವೆ.

ಮುಧೋಳ ನಾಯಿಗೆ ಹೊಲಿಗೆ ಹಾಕಿಸುವಾಗ ವಿಶೇಷವಾಗಿ ಏನಾದರೂ ಹೇಳಬೇಕೇ?

ತಳಿ ಯಾವುದೆಂದು ಮೊದಲೇ ಹೇಳಿ. ಈ ನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಥಯೋಪೆಂಟೋನ್‌ನಂಥ ಕೆಲವು ಅರಿವಳಿಕೆಗಳಿಂದ ಇಂಥ ಬೇಟೆನಾಯಿಗಳು ಏಳುವುದು ತಡ, ವೈದ್ಯರು ಔಷಧವನ್ನೂ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಆರಿಸುತ್ತಾರೆ. ಎಚ್ಚರವಾಗುವವರೆಗೆ ಬೇಸಿಗೆಯಲ್ಲೂ ಕಂಬಳಿ ಹೊದಿಸಿ. ಚರ್ಮ ತೆಳುವಾದ್ದರಿಂದ ಬೇಗ ಸೀಳುತ್ತದೆ, ಒಂದೇ ಜಿಗಿತಕ್ಕೆ ಹೊಲಿಗೆ ಹರಿಯುತ್ತದೆ. ತಳಿಯ ಬಗೆಗಿನ ಪ್ರಶ್ನೆಗಳಿಗೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಹೊಲಿಗೆ ಬಿಚ್ಚಿದರು. ಇನ್ನು ಓಡಲು ಬಿಡಬಹುದೇ? ಕೂದಲು ಬರುತ್ತದೆಯೇ?

ಹೊಲಿಗೆಯನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಆಗ ಮೇಲಿನಿಂದ ಗಾಯ ಮಾಯ್ದಂತೆ ಕಂಡರೂ ಒಳಗಿನ ಬಲ ಇನ್ನೂ ಬಂದಿರುವುದಿಲ್ಲ. ಮೂರು ವಾರಕ್ಕೆ ಆ ಚರ್ಮಕ್ಕೆ ಮೊದಲಿದ್ದ ಬಲದ ಐದನೆಯ ಒಂದು ಭಾಗದಷ್ಟು ಮಾತ್ರ ಇರುತ್ತದೆ. ತಿಂಗಳವರೆಗೆ ಹಗ್ಗ ಹಿಡಿದು ನಡೆಸಿ, ಮೊಲ ಕಂಡರೆ ಬಿಡಬೇಡಿ. ಕೂದಲು ಎರಡು ಮೂರು ತಿಂಗಳಿಗೆ ಮುಚ್ಚುತ್ತದೆ. ಆಳವಾದ ಗಾಯವಾಗಿದ್ದರೆ ನಡುವೆ ಬೋಳು ಗೆರೆ ಉಳಿಯಬಹುದು, ಅಥವಾ ಕೂದಲು ಬೆಳ್ಳಗೆ ಬರಬಹುದು. ಅಳ್ಳೆ ಸೀಳಿಕೊಂಡಿದ್ದ ನನ್ನ ಹೆಣ್ಣು ನಾಯಿ ಆಮೇಲೆ ಎರಡು ಸಲ ಮರಿ ಹಾಕಿತು. ಕಂದು ಮೈಯ ಮೇಲೆ ಬೆರಳುದ್ದದ ಆ ಬಿಳಿ ಗೆರೆಯ ಪಕ್ಕದಲ್ಲೇ ಮರಿಗಳು ಮೂತಿಯಿಟ್ಟು ಮಲಗುತ್ತಿದ್ದವು.